ಮರೇಕೊ ಚಾಪೆಯಡಿ ಕೂತದ್ದು

ನನ್ನ ತಮ್ಮ ಮರೇಕೊಗೆ ಈ ದೇಶಕ್ಕಾಗಿ ಯುದ್ಧಕ್ಕೆ ಹೋಗುವ ಹಕ್ಕಿತ್ತು, ಹೋಗಿ ಮೊಣಕಾಲು ಕೆಡಿಸಿಕೊಂಡು ಬಂದ. ತೆರಿಗೆ ಕಟ್ಟುವ ಹಕ್ಕು ಧಾರಾಳವಾಗಿದೆ. ಜೈಲಿಗೆ ಹೋಗುವ ಹಕ್ಕನ್ನೂ ಯಾರೂ ತಡೆದಿಲ್ಲ. ಮತ ಹಾಕುವ ಹಕ್ಕು ಮಾತ್ರ ಇಲ್ಲ. ಹೀಗೆಂದರೆ ಊರಿನ ಬಿಳಿಯರು ನನ್ನನ್ನು ಕನಿಕರದಿಂದ ನೋಡಿ, "ನೀವೆಲ್ಲೋ ತಪ್ಪು ತಿಳ್ಕೊಂಡಿದ್ದೀರಿ" ಅನ್ನುತ್ತಾರೆ. ತಪ್ಪು ತಿಳಿದುಕೊಂಡವನು ನನ್ನ ತಮ್ಮ. ಇಷ್ಟೆಲ್ಲ ಆದದ್ದೂ ಅದರಿಂದಲೇ.

ನಾವು ಅಮೆರಿಕದ ಬಾವುಟ ಹಾರುವ ಸಮೋವಾದವರು. ಮುತ್ತಜ್ಜನ ಕಾಲದಿಂದ ಅದೇ ಬಾವುಟ. ಈ ದೇಶದ ನೆಲದಲ್ಲಿ ಹುಟ್ಟಿದವರೆಲ್ಲ ನಾಗರಿಕರು ಎಂದು ಸಂವಿಧಾನದಲ್ಲಿದೆ. ಆದರೆ ನಮ್ಮ ದ್ವೀಪಗಳು ದೇಶಕ್ಕೆ ಸೇರಿದವಂತೆ, ದೇಶದ ಭಾಗವಲ್ಲವಂತೆ. ಅರ್ಥವಾಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ನನಗೂ ಆಗಿಲ್ಲ. ಪಾಸ್‌ಪೋರ್ಟು ಅವರೇ ಕೊಡುತ್ತಾರೆ. ಎಲ್ಲಿ ಬೇಕಾದರೂ ಇರಬಹುದು, ದುಡಿಯಬಹುದು. ನಮ್ಮನ್ನು ಹೊರಗೆ ಹಾಕುವಂತಿಲ್ಲ, ಪೂರ್ತಿ ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಬಾಗಿಲ ಸಂದಿಗೆ ಬೆರಳು ಸಿಕ್ಕಿದ ಹಾಗೆ ನಮ್ಮ ಪಾಡು.

ಹಾರ್ಲೊ ಬಂದರಿಗೆ ಮೊದಲು ಬಂದವಳು ನಾನು. ಉತ್ತರದ ಚಳಿಯ ಊರು. ಮುಂದೆ ಸಮುದ್ರ, ಹಿಂದೆ ಬೆಟ್ಟ, ನಡುವೆ ಮೀನಿನ ಕಾರ್ಖಾನೆ, ಹೊರಗೆ ಹೋಗಲು ಒಂದೇ ರಸ್ತೆ. ಮರೇಕೊ ಸೈನ್ಯ ಬಿಟ್ಟ ಮೇಲೆ ಹೆಂಡತಿ ಫೆತುವನ್ನು ಕರೆದುಕೊಂಡು ನನ್ನ ಮನೆಗೇ ಬಂದ. ಅವಳು ನನ್ನ ಜೊತೆ ಮೀನು ಸೀಳುವ ಕೆಲಸಕ್ಕೆ ಸೇರಿದಳು, ಅವನಿಗೆ ಶಾಲೆಯ ಬಸ್ಸು ಓಡಿಸುವ ಕೆಲಸ ಸಿಕ್ಕಿತು. ಆರಡಿ ಮೀರಿದ ಆಳು, ದನಿ ಮಾತ್ರ ಮೆತ್ತಗೆ. ಶನಿವಾರ ಚರ್ಚಿನಲ್ಲಿ ನಮ್ಮ ಮಕ್ಕಳನ್ನು ಕೂರಿಸಿಕೊಂಡು ಸಂವಿಧಾನ ಹೇಳಿಕೊಡುವುದು ಅವನ ಹುಚ್ಚು.

"ಕೋರ್ಟಿನ ಅಪ್ಪಣೆ ಇಲ್ದೆ ದೇಶದ ಅಧ್ಯಕ್ಷನೇ ಬಂದ್ರೂ ನಿಮ್ಮನೆ ಹುಡುಕೋ ಹಾಗಿಲ್ಲ ಕಣ್ರೋ" ಅನ್ನುತ್ತಿದ್ದ.

"ಅಧ್ಯಕ್ಷ ನಮ್ಮನೆಗ್ಯಾಕೆ ಬರ್ತಾನೆ, ಕೋಕೋ ಗಂಜಿ ಕುಡಿಯೋಕಾ?" ಅಂತ ಅವು ನಗುತ್ತಿದ್ದವು.

ನಾನು ಅರ್ಜಿ ಹಾಕಿ, ಪರೀಕ್ಷೆ ಕೊಟ್ಟು, ಕೈ ಎತ್ತಿ ಪ್ರಮಾಣ ಮಾಡಿ ಎಂದೋ ನಾಗರಿಕಳಾಗಿದ್ದೆ. ನೀನೂ ಹಾಕೋ ಎಂದು ಅವನಿಗೆ ಹೇಳಿ ಹೇಳಿ ಬಾಯಿ ನೋವು ಬಂತು. "ನಮ್ಮನೆ ಬಾಗಿಲು ನಾನೇ ತಟ್ಟಿ, ಒಳಗೆ ಬರಲಾ ಅಂತ ಕೇಳ್ಬೇಕೇನಕ್ಕ?" ಎಂದು ಸೆಟೆದುಕೊಳ್ಳುತ್ತಿದ್ದ. ಮೆತ್ತನೆ ಮನುಷ್ಯರ ಹಟ ಇದೆಯಲ್ಲ, ಅದಕ್ಕೆ ಮದ್ದಿಲ್ಲ.

ಹೀಗಿರುವಾಗ ಊರ ಶಾಲೆಯ ದೊಡ್ಡ ತರಗತಿಗಳನ್ನು ಮುಚ್ಚಿ, ಮಕ್ಕಳನ್ನು ಬೆಟ್ಟದಾಚೆಯ ಶಾಲೆಗೆ ಕಳಿಸುವ ಮಾತು ಎದ್ದಿತು. ಶಾಲಾ ಮಂಡಳಿಯ ಚುನಾವಣೆ ಅದರ ಮೇಲೆಯೇ ನಡೆಯಿತು. ಚಳಿಗಾಲದಲ್ಲಿ ಆ ಹಿಮದ ರಸ್ತೆಯ ಮೇಲೆ ಮಕ್ಕಳನ್ನು ಹೊತ್ತ ಬಸ್ಸು ಓಡಿಸಬೇಕಾದವನು ನನ್ನ ತಮ್ಮ. ಆ ಚಿಂತೆಯಲ್ಲಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮತ ಹಾಕಲಾ ಎಂದು ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಅವನು ನನ್ನನ್ನು ಕೇಳಲಿಲ್ಲ. ಚುನಾವಣಾ ಕಚೇರಿಗೆ ಹೋಗಿ ನಾರ್ಮಾಳನ್ನು ಕೇಳಿದ.

ನಾರ್ಮಾ ಪ್ರೂಯಿಟ್ ಆ ಕಚೇರಿಯ ಕಿಟಕಿಯಲ್ಲಿ ಕೂತು ಕೂತು ತಲೆ ನರೆಸಿಕೊಂಡ ವಿಧವೆ. ಊರಿನ ಮದುವೆ, ಹುಟ್ಟು, ಸಾವು, ಮತ ಎಲ್ಲ ಅವಳ ಕೈಯ ಮೇಲೆಯೇ ಹೋಗಬೇಕು. ಮರೇಕೊ ಅವಳಿಗೆ, "ನಾನು ಸಮೋವಾದೋನು. ಅಧ್ಯಕ್ಷನ ಚುನಾವಣೆಗಂತೂ ಆಗಲ್ಲ ಅಂತ ಗೊತ್ತು. ಊರ ಶಾಲೆ ಚುನಾವಣೆಗಾದ್ರೂ ಆಗತ್ತಾ?" ಎಂದು ಕೇಳಿದನಂತೆ. ಅವಳು ಕನ್ನಡಕದ ಮೇಲಿಂದ ನೋಡಿ, "ಯೂನಿಫಾರ್ಮ್ ಹಾಕಿದೋನಲ್ವೇನಪ್ಪ ನೀನು? ನಿನಗಾಗ್ದೆ ಇನ್ಯಾರಿಗಾಗತ್ತೆ? ಇಲ್ಲಿ ಸಹಿ ಹಾಕು" ಅಂದಳಂತೆ. ಹಾಕಿದ. ಚುನಾವಣೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಗ್ನಿಶಾಮಕ ಠಾಣೆಗೆ ಹೋಗಿ ಮತ ಹಾಕಿ ಬಂದ. ಶಾಲೆ ಊರಲ್ಲೇ ಉಳಿಯಿತು.

ಮತದಾರರ ಹೆಸರುಗಳಿಂದಲೇ ಕೋರ್ಟಿನವರು ಜ್ಯೂರಿಗೆ ಜನರನ್ನು ಕರೆಯುವುದು. ಮರುವರ್ಷ ಯಾವನದೋ ದೋಣಿ ಕಳ್ಳತನದ ಕೇಸಿಗೆ ಮರೇಕೊಗೆ ಕರೆ ಬಂತು. ನಮ್ಮ ಮನೆಯಲ್ಲಿ ಹಬ್ಬ. ಹನ್ನೆರಡು ಜನ ಸಾಮಾನ್ಯರು ಕೂತು ಇನ್ನೊಬ್ಬ ಸಾಮಾನ್ಯನ ಹಣೆಬರಹ ತೀರ್ಮಾನಿಸುವುದಕ್ಕಿಂತ ದೊಡ್ಡದು ಅವನ ಲೆಕ್ಕದಲ್ಲಿ ಇನ್ನೊಂದಿರಲಿಲ್ಲ. ನ್ಯಾಯಾಧೀಶರು ಒಬ್ಬೊಬ್ಬರನ್ನೇ ಮಾತಾಡಿಸುತ್ತ, ಹುಟ್ಟಿದ್ದೆಲ್ಲಿ ಎಂದು ಇವನನ್ನೂ ಕೇಳಿದರು. ಇವನು ಎದೆಯುಬ್ಬಿಸಿ ನಮ್ಮ ದ್ವೀಪದ ಹೆಸರು ಹೇಳಿದ.

ಅವರು ಪೆನ್ನು ಕೆಳಗಿಟ್ಟರು. "ಆಮೇಲೆ ಸಿಟಿಜನ್ ಆದ್ರಾ?"

"ಆಮೇಲೆ ಅಂದ್ರೆ ಯಾವಾಗ ಸ್ವಾಮಿ? ಹುಟ್ಟಿದಾಗಿಂದ ಇದೇ ಬಾವುಟದ ಕೆಳಗಿದ್ದೀನಿ."

"ಮಿಸ್ಟರ್ ಮರೇಕೊ ತಾವಾಯ್, ಇನ್ನೊಂದು ಮಾತೂ ಆಡಬೇಡಿ. ಮನೆಗೆ ಹೋಗಿ, ಒಬ್ಬ ವಕೀಲರನ್ನ ನೋಡಿ" ಅಂದರು ಅವರು. ಒಳ್ಳೆಯ ಮನುಷ್ಯ. ಆದರೆ ಆಡಬಾರದ ಮಾತು ಅಷ್ಟರಲ್ಲಿ ಆಡಿ ಆಗಿತ್ತು.

ನಾಗರಿಕನಲ್ಲದವನು ತಿಳಿದೂ ತಿಳಿದೂ ಮತ ಹಾಕಿದ ಎಂದು ಆಪಾದನೆ ಹೊರಿಸಿದರು. ಸಾಬೀತಾದರೆ ವರ್ಷಗಟ್ಟಲೆ ಜೈಲು. ಅದಕ್ಕಿಂತ ಹೆಚ್ಚಾಗಿ, ಈ ಜನ್ಮದಲ್ಲಿ ಪೌರತ್ವದ ಆಸೆ ಬಿಡಬೇಕು. ಶಾಲೆಯವರು ಬಸ್ಸಿನ ಕೀಲಿ ವಾಪಸು ತೆಗೆದುಕೊಂಡರು. ಬೆಳಿಗ್ಗೆ ಆ ಹಳದಿ ಬಸ್ಸು ಬೇರೆಯವನ ಕೈಯಲ್ಲಿ ನಮ್ಮ ಮನೆಯ ಮುಂದೆ ಹಾದುಹೋಗುವಾಗ ಇವನು ಅಡುಗೆಮನೆಯ ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಅಷ್ಟು ದೊಡ್ಡ ಶರೀರ, ಅಷ್ಟು ಚಿಕ್ಕ ಮನೆ, ಮೂರೂ ಹೊತ್ತು ಒಳಗೇ.

ದುಡ್ಡಿಲ್ಲದವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು, ಅದೂ ಇಲ್ಲಿ ಹಕ್ಕು. ನಮಗೆ ಸಿಕ್ಕವಳು ಕೆಸ್ಲರ್ ಎಂಬ ಚುರುಕು ಹೆಂಗಸು. ನಮ್ಮ ಅಡುಗೆಮನೆಯಲ್ಲೇ ಕೂತು ಹೇಳಿದಳು.

"ನಿಮಗೆ ಗೊತ್ತಿತ್ತು ಅಂತ ಸಾಬೀತು ಮಾಡೋದು ಅವರ ಕೆಲಸ. ಗೊತ್ತಿರಲಿಲ್ಲ ಅಂತ ತೋರಿಸೋದು ನಿಮ್ಮ ಕೆಲಸ ಅಲ್ಲ. ನಿಮ್ಮ ಬಾಯಿಂದ ನಿಮ್ಮ ವಿರುದ್ಧ ಮಾತು ಹೊರಡಿಸೋ ಅಧಿಕಾರ ಯಾರಿಗೂ ಇಲ್ಲ."

"ಸಂವಿಧಾನದ ಐದನೇ ತಿದ್ದುಪಡಿ" ಅಂದ ಮರೇಕೊ, ಪಾಠ ಒಪ್ಪಿಸುವ ಮಗುವಿನ ಹಾಗೆ.

"ಅದೇ. ಸುಮ್ಮನಿರಿ ಅಷ್ಟೇ. ಯಾರ ಹತ್ರಾನೂ ಮಾತು ಬೇಡ, ಕ್ಷಮೆ ಬೇಡ, ಏನೂ ಬೇಡ. ಅಂದಹಾಗೆ, ನೋಂದಣಿ ಮಾಡಿಸೋವಾಗ ಕಿಟಕೀಲಿ ಏನಾದ್ರೂ ಮಾತಾಯ್ತಾ?"

ಮರೇಕೊ ಮೇಜಿನ ಮೇಲಿನ ಅನ್ನದ ಅಗುಳನ್ನು ಬೆರಳಲ್ಲಿ ಒತ್ತುತ್ತ, "ನೆನಪಿಲ್ಲ ಮೇಡಂ" ಅಂದ.

ಅವಳ ಕಾರು ತಿರುವಿನಲ್ಲಿ ಮರೆಯಾಗುವುದನ್ನೇ ಕಾಯುತ್ತಿದ್ದು ಅವನ ಮೇಲೆ ಹಾರಿದೆ. ನಾರ್ಮಾ ಅಂದದ್ದನ್ನೆಲ್ಲ ಅವನೇ ನನಗೆ ಹೇಳಿದ್ದನಲ್ಲ!

"ಯಾಕೋ ಮುಚ್ಚಿಟ್ಟೆ? ಅದೊಂದು ಮಾತಿಗೆ ಕೇಸೇ ಬಿದ್ದುಹೋಗತ್ತೆ."

"ಅವಳ ಕೆಲಸ ಹೋಗತ್ತೆ ಅಕ್ಕ. ಈಗ್ಲೇ ಊರೋರೆಲ್ಲ ಅವಳನ್ನ ಹರಿದು ತಿಂತಿದ್ದಾರೆ."

ಅದು ನಿಜ. ಕಂಡವರಿಗೆಲ್ಲ ಮತ ಹಂಚಿದವಳು ಎಂದು ಅಂಗಡಿಯಲ್ಲೇ ಯಾರೋ ಅವಳಿಗೆ ಬೈದಿದ್ದರು. ಮುದುಕಿ ತರಕಾರಿ ಬುಟ್ಟಿ ಅಲ್ಲೇ ಬಿಟ್ಟು ಅಳುತ್ತ ಹೊರಗೆ ಹೋದದ್ದನ್ನು ಫೆತು ಕಣ್ಣಾರೆ ನೋಡಿ ಬಂದಿದ್ದಳು. ಅಂದಿನಿಂದ ಮರೇಕೊಗೆ ತನ್ನ ಕೇಸಿಗಿಂತ ಅವಳ ಅಳುವೇ ದೊಡ್ಡದಾಗಿ ಹೋಗಿತ್ತು.

ಆ ಗಾಯಕ್ಕೆ ಉಪ್ಪು ಸವರಲು ಸಾವಿಲಿ ದೊಡ್ಡಪ್ಪ ಬಂದ. ಹಾರ್ಲೊದಲ್ಲಿರುವ ನಮ್ಮವರಿಗೆಲ್ಲ ಅವನೇ ಯಜಮಾನ, ದ್ವೀಪದ ನಮ್ಮೂರಲ್ಲಿ ಕುಲದ ಪಟ್ಟ ಹೊತ್ತವನು. ಅವನ ಎದುರು ನಾವು ನಿಂತು ಮಾತಾಡುವುದಿಲ್ಲ. ಕುರ್ಚಿ ತುಂಬ ಕೂತು ಶುರುಮಾಡಿದ.

"ಅವರ ಹಕ್ಕು ನಮಗ್ಯಾಕೆ ಬೇಕಿತ್ತೋ? ಆ ಹಕ್ಕಿನ ಜೊತೆ ಎಲ್ಲರೂ ಸಮ ಅನ್ನೋ ಕಾನೂನೂ ಬರತ್ತೆ. ಆಮೇಲೆ ನಮ್ಮ ದ್ವೀಪದಲ್ಲಿ ಕುಲದ ಜಮೀನು ಕುಲದೋರಿಗೇ ಅಂತ ಹೇಳೋಕಾಗತ್ತಾ? ದುಡ್ಡಿರೋನು ಬಂದು ಕೊಂಡ್ಕೊಂಡು ಹೋಗ್ತಾನೆ. ಇರಲಿ, ಆಗಿದ್ದಾಯ್ತು. ಆ ಹೆಂಗಸಿಗೆ ನಿನ್ನಿಂದ ನೋವಾಯ್ತಾ ಇಲ್ವಾ?"

"ಆಯ್ತು ದೊಡ್ಡಪ್ಪ."

"ಹಾಗಾದ್ರೆ ಏನ್ ಮಾಡ್ಬೇಕು ಅಂತ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ಅದಕ್ಕೆ ಇಫೋಗ ಅನ್ನುತ್ತಾರೆ. ನಿಮ್ಮಿಂದ ಯಾರಿಗಾದರೂ ನೋವಾದರೆ ಬೆಳಿಗ್ಗೆ ಅವರ ಮನೆಯಂಗಳಕ್ಕೆ ಹೋಗಿ, ಕೇದಿಗೆ ಗರಿಯಲ್ಲಿ ಹೆಣೆದ ನುಣ್ಣನೆಯ ಚಾಪೆ ತಲೆಯ ಮೇಲೆ ಹೊದ್ದು ಕೂರಬೇಕು. ಹಿಂದೆ ಮನೆಯವರೆಲ್ಲ ತಲೆ ಬಾಗಿಸಿ ಕೂರಬೇಕು. ಚಾಪೆಯಡಿ ಕೂತವನು ಬಾಯಿ ಬಿಡುವಂತಿಲ್ಲ. ಮನೆಯವರು ಬಂದು ಚಾಪೆ ಎತ್ತಿದರೆ ಜಗಳ ಅಲ್ಲಿಗೆ ಮುಗಿಯಿತು. ಎತ್ತದಿದ್ದರೆ ಬಿಸಿಲಿರಲಿ, ಮಳೆ ಇರಲಿ, ಹೊತ್ತು ಮುಳುಗುವವರೆಗೆ ಅಲ್ಲೇ.

"ವಕೀಲೆ ಬೇಡ ಅಂದಿದ್ದಾಳೆ" ಎಂದೆ ನಾನು. ದೊಡ್ಡಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮರೇಕೊ ಸಮಾಧಾನ ಮಾಡಲು ಬಂದ. "ಚಾಪೆ ಕೆಳಗೆ ಮಾತಾಡೋದಿಲ್ವಲ್ಲ ಅಕ್ಕ, ಸುಮ್ಮನಿರೋದೇ ತಾನೆ? ವಕೀಲೆ ಹೇಳಿದ್ದೂ ಅದನ್ನೇ." ಎಂಥ ತರ್ಕ! ನಮ್ಮ ಜನ ಮಾತ್ರ ಮಾಡಬಹುದಾದ ತಪ್ಪು ಇದು.

ಮರುದಿನ ಬೆಳಿಗ್ಗೆ ನಾರ್ಮಾಳ ಮನೆಯ ಮುಂದಿನ ಜಲ್ಲಿಯ ಮೇಲೆ ಕೂತೆವು. ಮುಂದೆ ಮರೇಕೊ, ಕೆಟ್ಟ ಮೊಣಕಾಲು ಮಡಚಿಕೊಂಡು, ನಮ್ಮ ಅಜ್ಜಿ ಹೆಣೆದ ಚಾಪೆಯಡಿ. ಹಿಂದೆ ಫೆತು, ನಾನು, ಚರ್ಚಿನ ಅರ್ಧ ಜನ. ಪಕ್ಕದಲ್ಲಿ ಸಾವಿಲಿ ದೊಡ್ಡಪ್ಪ ಕೋಲು ಹಿಡಿದು ನಿಂತು, ಚಾಪೆ ಎತ್ತುವ ಮೊದಲು ಮಾಡಬೇಕಾದ ಭಾಷಣವನ್ನು ಮನಸ್ಸಿನಲ್ಲೇ ಹೊಸೆಯುತ್ತಿದ್ದ. ನಾರ್ಮಾ ಪರದೆ ಸರಿಸಿ ನೋಡಿದಳು, ಹೆದರಿ ಪೊಲೀಸಿಗೆ ಫೋನು ಮಾಡಿದಳು.

ಬಂದ ಪೊಲೀಸಿನವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಇದೇನು, ಪ್ರತಿಭಟನೇನಾ?" ಎಂದು ನನ್ನನ್ನು ಕೇಳಿದ. ನಾನು ತಲೆ ಬಾಗಿಸಿಕೊಂಡೇ, "ಅಲ್ಲ, ಮರ್ಯಾದೆ" ಅಂದೆ. ಅವನ ಎದೆಯ ಮೇಲಿನ ಕ್ಯಾಮೆರಾದ ಚಿಕ್ಕ ಕೆಂಪು ದೀಪ ಉರಿಯುತ್ತಿತ್ತು. ನಾನು ಅದನ್ನು ನೋಡಿದೆ, ಅದೇನೆಂದು ಯೋಚಿಸಲಿಲ್ಲ.

ಮಂಜು ಕರಗಿ ಹನಿ ಬೀಳತೊಡಗಿತು. ಚಾಪೆ ನೆನೆದು ಅವನ ತಲೆಗೆ ಅಂಟಿಕೊಂಡಿತು. ಕಡೆಗೆ ನಾರ್ಮಾ ಮನೆಯ ಚಪ್ಪಲಿಯಲ್ಲೇ ಇಳಿದು ಬಂದಳು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಬಗ್ಗಿ ಚಾಪೆ ಎತ್ತಿಬಿಟ್ಟಳು.

"ಉಸಿರು ಕಟ್ಟಲ್ವೇನಪ್ಪ ಇದರೊಳಗೆ? ಏಳು, ಕಾಫಿ ಕುಡಿ."

ದೊಡ್ಡಪ್ಪನ ಭಾಷಣ ಹೊಟ್ಟೆಯಲ್ಲೇ ಉಳಿಯಿತು. ಮರೇಕೊ ಕಣ್ಣು ಒರೆಸಿಕೊಂಡ. ನಮ್ಮ ಮಟ್ಟಿಗೆ ಎಲ್ಲ ಮುಗಿದಿತ್ತು.

ಕೋರ್ಟಿನ ಮಟ್ಟಿಗೆ ಅಲ್ಲೇ ಶುರುವಾಯಿತು. ಆ ಕ್ಯಾಮೆರಾದ ಚಿತ್ರ ನಮ್ಮ ವಿರುದ್ಧ ವಾದಿಸುವ ಸರ್ಕಾರಿ ವಕೀಲನ ಕೈಗೆ ಹೋಯಿತು. ತಪ್ಪೆಂದು ಗೊತ್ತಿಲ್ಲದವನು ಹೀಗೆ ಬಾಗುತ್ತಾನೆಯೇ ಎಂಬುದೇ ಅವನ ಕೇಸು. ಕೆಸ್ಲರ್ ನಮ್ಮ ಅಡುಗೆಮನೆಯಲ್ಲಿ ತಲೆಗೆ ಕೈ ಹೊತ್ತು ಕೂತಳು.

"ಸುಮ್ಮನಿರಿ ಅಂದ್ರೆ ಮೆರವಣಿಗೆ ಮಾಡ್ಕೊಂಡು ಹೋಗಿ ಸುಮ್ಮನಿದ್ದು ಬಂದ್ರಾ? ಹೋಗ್ಲಿ. ಜಡ್ಜ್ ಮುಂದೆ ನಿಲ್ಲಿಸಿ, ತಪ್ಪು ಒಪ್ತೀರಾ ಇಲ್ವಾ ಅಂತ ಕೇಳ್ತಾರೆ. ಇಲ್ಲ ಅನ್ನಿ. ಇಲ್ಲ ಅಂದ್ರೆ ಜ್ಯೂರಿ ಮುಂದೆ ವಿಚಾರಣೆ ಆಗತ್ತೆ, ದಾರಿ ಇದೆ. ಒಪ್ಪಿದ್ರೆ ಅಲ್ಲಿಗೆ ಮುಗೀತು."

ಅವಳು ಹೋದ ಮೇಲೆ ದೊಡ್ಡಪ್ಪನ ಮಾತು ಬಂತು. "ಚಾಪೆ ಹೊದ್ದು ಬಂದೋನು ಕೋರ್ಟಲ್ಲಿ ನಿಂತು ನಾನೇನೂ ತಪ್ಪು ಮಾಡಿಲ್ಲ ಅಂದ್ರೆ ಆ ಚಾಪೆ ಸುಳ್ಳು, ನಮ್ಮ ಕುಲ ಸುಳ್ಳು. ಆಮೇಲೆ ಚರ್ಚಿಗೂ ಬರಬೇಡ, ಊರಿಗೂ ಹೋಗಬೇಡ. ನಿನ್ನ ಹೆಣಕ್ಕೂ ನಮ್ಮ ನೆಲದಲ್ಲಿ ಜಾಗ ಇಲ್ಲ."

ಒಂದು ಮಾತು ಆಡಿದರೆ ದೇಶ ಹೋಯಿತು, ಇನ್ನೊಂದು ಆಡಿದರೆ ಕುಲ ಹೋಯಿತು. ಆ ವಾರ ನನ್ನ ತಮ್ಮ ಅನ್ನ ಬಿಟ್ಟ. ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ ಓಡಾಡುತ್ತಿದ್ದ. ನನಗೆ ದೊಡ್ಡಪ್ಪನ ಮೇಲೆ ಸಿಟ್ಟು, ಈ ದೇಶದ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಇವನ ಒಳ್ಳೆತನದ ಮೇಲೆ ಸಿಟ್ಟು.

"ನಾರ್ಮಾ ಹೇಳಿದ್ದನ್ನ ಹೇಳಿಬಿಡೋ, ನಿನ್ನ ಕಾಲಿಗೆ ಬೀಳ್ತೀನಿ" ಅಂದೆ.

"ಅವಳೆದುರು ತಲೆ ಬಾಗಿಸಿ ಬಂದಿದ್ದೀನಿ ಅಕ್ಕ. ಈಗ ಅವಳ ಕಡೆಗೇ ಬೆರಳು ತೋರಿಸಲಾ? ನೀನೂ ಆ ವಕೀಲೆಗೆ ಹೇಳಕೂಡದು. ಆಣೆ ಮಾಡು."

ಮಾಡಿದೆ. ಆಣೆ ವಕೀಲೆಗೆ ಹೇಳದಿರುವುದಕ್ಕೆ ಮಾತ್ರ. ಮರುದಿನ ಅಂಗಡಿಯಲ್ಲಿ ನಾರ್ಮಾ ಸಿಕ್ಕಳು. ಅವಳ ಬುಟ್ಟಿಗೆ ಅಡ್ಡ ನಿಂತೆ.

"ನೀವು ಅವತ್ತು ಎತ್ತಿದಿರಲ್ಲ ಚಾಪೆ, ಅದಕ್ಕೆ ನಮ್ಮಲ್ಲಿ ಏನರ್ಥ ಗೊತ್ತಾ?"

"ಪಾಪ, ಅವನಿಗೆ ಉಸಿರು..."

"ಎತ್ತಿದೋರು ವಿಷಯ ಮುಗಿಸಿದ ಹಾಗೆ. ಆಮೇಲೆ ಅದೇ ವಿಷಯಕ್ಕೆ ಆ ಮನುಷ್ಯನಿಗೆ ಕೇಡಾದ್ರೆ ಅವಮಾನ ಚಾಪೆ ಎತ್ತಿದೋರಿಗೆ. ಅಷ್ಟೇ ಹೇಳೋಣ ಅಂತ ನಿಲ್ಲಿಸಿದೆ."

ಅವಳ ಮುಖ ಬಿಳುಚಿಕೊಂಡಿತು. ಬುಟ್ಟಿ ತಿರುಗಿಸಿಕೊಂಡು ಹೊರಟುಹೋದಳು. ಕೆಸ್ಲರ್‌ಗೆ ಈ ಸಂಗತಿ ಇವತ್ತಿಗೂ ಗೊತ್ತಿಲ್ಲ.

ಕೋರ್ಟಿನ ದಿನ ನಾವೆಲ್ಲ ಹಿಂದಿನ ಬೆಂಚುಗಳಲ್ಲಿ, ದೊಡ್ಡಪ್ಪ ಎಲ್ಲರಿಗಿಂತ ಮುಂದೆ. ಈ ಸಲದ ನ್ಯಾಯಾಧೀಶೆ ಬೇರೆ. ಆಪಾದನೆ ಓದಿಸಿ, "ತಪ್ಪು ಒಪ್ಕೋತೀರಾ, ಇಲ್ವಾ?" ಎಂದು ಕೇಳಿದರು.

ಮರೇಕೊ ಎದ್ದು ನಿಂತ. ಕೆಸ್ಲರ್ ಅವನ ಮೊಣಕೈ ಮುಟ್ಟಿದಳು. ದೊಡ್ಡಪ್ಪ ಕೋಲನ್ನು ನೆಲಕ್ಕೆ ಒತ್ತಿದ. ಮರೇಕೊ ಒಬ್ಬರ ಮುಖವನ್ನೂ ನೋಡದೆ ನಿಧಾನವಾಗಿ ತಲೆ ಬಾಗಿಸಿದ, ಆ ಜಲ್ಲಿಯ ಮೇಲೆ ಬಾಗಿಸಿದ್ದ ಹಾಗೆಯೇ. ನ್ಯಾಯಾಧೀಶೆ ಮತ್ತೆ ಕೇಳಿದರು. ಉತ್ತರವಿಲ್ಲ. ಸುಮ್ಮನಿದ್ದರೆ ಒಪ್ಪಿದಂತೆಯೇ ಎಂದು ನಾನು ತಿಳಿದಿದ್ದೆ.

ನ್ಯಾಯಾಧೀಶೆ ಬರೆದುಕೊಳ್ಳುತ್ತ ಹೇಳಿದರು. "ಆಪಾದಿತರು ಮಾತಾಡೋಕೆ ಇಷ್ಟಪಡ್ತಿಲ್ಲ. ಅವರು ಸುಮ್ಮನಿದ್ದರೆ ಅವರ ಪರವಾಗಿ ಕಾನೂನೇ ಉತ್ತರ ಕೊಡತ್ತೆ. ತಪ್ಪು ಒಪ್ಪಿಲ್ಲ ಅಂತ ಕೋರ್ಟು ದಾಖಲಿಸ್ತಿದೆ. ವಿಚಾರಣೆ ನಡೀಲಿ."

ದೊಡ್ಡಪ್ಪನಿಗೆ ಬಗ್ಗಿ ಕಿವಿಯಲ್ಲಿ ಹೇಳಿದೆ, "ಅವನೇನೂ ಅನ್ನಲಿಲ್ಲ. ಅಂದಿದ್ದು ಅವರು." ಮುದುಕ ನೆಲಕ್ಕೆ ಒತ್ತಿದ್ದ ಕೋಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡ. ಆಮೇಲೆ, "ಕೂತಿದ್ದಾನೆ, ಕೂತಿದ್ದಾನೆ. ಇನ್ನೂ ಚಾಪೆ ಕೆಳಗೇ ಇದ್ದಾನೆ" ಅಂದ. ಅವನ ಬಾಯಿಂದ ಅದು ಆಶೀರ್ವಾದ.

ವಿಚಾರಣೆ ವಸಂತದಲ್ಲಿ ಬಂತು. ಹನ್ನೆರಡು ಜನರೆದುರು ನಾರ್ಮಾಳ ಜಲ್ಲಿಯಂಗಳದ ಚಿತ್ರ ತೋರಿಸಿದರು. ಪರದೆಯ ಮೇಲೆ ನನ್ನ ತಮ್ಮ ಒದ್ದೆ ಚಾಪೆಯಡಿ ಬಂಡೆಯ ಹಾಗೆ ಕೂತಿದ್ದ, ನೋಡಿದವರಿಗೆ ಅಪರಾಧಿಯೇ ಅನ್ನಿಸಬೇಕು. ಆಮೇಲೆ ಸರ್ಕಾರಿ ವಕೀಲ ನಾರ್ಮಾಳನ್ನು ಕರೆದ.

"ಇವರು ನಿಮ್ಮ ಹತ್ರ ಕ್ಷಮೆ ಕೇಳಿದ್ರು, ಅಲ್ವೇ?"

"ಇಲ್ಲ. ಒಂದು ಮಾತೂ ಆಡಲಿಲ್ಲ. ಕಾಫಿಗೆ ಹಾಲು ಹಾಕಲಾ ಅಂದ್ರೂ ತಲೆ ಆಡಿಸಿದ ಅಷ್ಟೇ."

ಜನ ನಕ್ಕರು. ಅವಳು ನಗಲಿಲ್ಲ. ನ್ಯಾಯಾಧೀಶೆಯ ಕಡೆ ತಿರುಗಿದಳು.

"ನಾನೊಂದು ಹೇಳ್ಬೇಕು. ಕಿಟಕೀಲಿ ಏನಾಯ್ತು ಅಂತ ನನ್ನ ಮೊದಲೂ ಕೇಳಿದ್ರು, ನೆನಪಿಲ್ಲ ಅಂದಿದ್ದೆ. ಬಾಯಿ ಬಿಡಬೇಡಿ, ಅದು ನಿಮ್ಮ ಹಕ್ಕು ಅಂತ ನನ್ನ ವಕೀಲರೂ ಹೇಳಿದ್ರು. ನೆನಪಿದೆ. ಈ ಮನುಷ್ಯ ಬಂದು, ನನಗೆ ಮತ ಹಾಕೋಕಾಗತ್ತಾ ಅಂತ ನನ್ನ ಕೇಳಿದ. ಆಗತ್ತೆ ಅಂದೋಳು ನಾನು. ಚಾಪೆ ಕೆಳಗೆ ಕೂರಬೇಕಾಗಿದ್ದೋಳು ನಾನು."

ಮರೇಕೊ ಮುಖ ಮುಚ್ಚಿಕೊಂಡ. ತಾನು ಉಳಿಯುತ್ತೇನೆಂಬ ಸಂತೋಷಕ್ಕಲ್ಲ. ಅವಳನ್ನು ಕಾಪಾಡಲು ತಿಂಗಳುಗಟ್ಟಲೆ ಬಾಯಿಗೆ ಹಾಕಿಕೊಂಡಿದ್ದ ಬೀಗವನ್ನು ಅವಳೇ ಬಂದು ಮುರಿದಿದ್ದಳು. ಜ್ಯೂರಿಯವರು ಊಟಕ್ಕೂ ನಿಲ್ಲದೆ ಅವನನ್ನು ಬಿಡುಗಡೆ ಮಾಡಿದರು. ನಾರ್ಮಾ ಆ ವಾರವೇ ಕೆಲಸ ಬಿಡಬೇಕಾಯಿತು.

ಬಸ್ಸು ಮತ್ತೆ ಅವನ ಕೈಗೆ ಬಂತು. ಇನ್ನು ಪೌರತ್ವಕ್ಕೆ ಅರ್ಜಿ ಹಾಕಬಹುದು ಎಂದಳು ಕೆಸ್ಲರ್, ಆದರೆ ಅವಳ ದನಿಯಲ್ಲೂ ಗಟ್ಟಿತನ ಇರಲಿಲ್ಲ. ನಾಗರಿಕರಲ್ಲದೆ ಎಂದಾದರೂ ಮತ ಹಾಕಿದ್ದೀರಾ ಎಂದು ಅಲ್ಲಿ ಕೇಳುತ್ತಾರೆ, ಹೌದೆಂದರೆ ಅಧಿಕಾರಿಯ ಮರ್ಜಿ, ಇಲ್ಲವೆಂದರೆ ಸುಳ್ಳು. ಅಲ್ಲಿ ಸುಮ್ಮನೆ ನಿಂತರೆ ಯಾವ ಕಾನೂನೂ ಅವನ ಪರವಾಗಿ ಉತ್ತರ ಕೊಡುವುದಿಲ್ಲ. ಅರ್ಜಿ ಇನ್ನೂ ಹಾಕಿಲ್ಲ. ನಾನೂ ಈಗ ಒತ್ತಾಯ ಮಾಡುವುದಿಲ್ಲ.

ಹೋದ ಚುನಾವಣೆಯ ದಿನ ನಾರ್ಮಾಗೆ ಮಂಡಿ ನೋವು. ಮರೇಕೊ ನಮ್ಮ ಹಳೆ ವ್ಯಾನಿನಲ್ಲಿ ಅವಳನ್ನೂ ನನ್ನನ್ನೂ ಅಗ್ನಿಶಾಮಕ ಠಾಣೆಗೆ ಕರೆದುಕೊಂಡು ಹೋದ. ಇಸ್ತ್ರಿ ಮಾಡಿದ ಅದೇ ಅಂಗಿ ತೊಟ್ಟಿದ್ದ. ನಾವು ಒಳಗೆ ಹೋದೆವು, ಅವನು ಹೀಟರ್ ಹಾಕಿಕೊಂಡು ವ್ಯಾನಿನಲ್ಲೇ ಕೂತ. ಮತ ಹಾಕಿದವರಿಗೆ ಎದೆಗೆ ಅಂಟಿಸಿಕೊಳ್ಳಲು ಬಾವುಟದ ಚೀಟಿಯೊಂದನ್ನು ಕೊಡುತ್ತಾರೆ. ನಾರ್ಮಾ ವ್ಯಾನು ಹತ್ತಿದವಳೇ ತನ್ನದನ್ನು ಕಿತ್ತು ಅವನ ಅಂಗಿಗೆ ಅಂಟಿಸಿದಳು.

ಅವನು ಅದನ್ನೇ ನೋಡಿಕೊಂಡ. ಆಮೇಲೆ ಉಗುರಿನಿಂದ ಮೆಲ್ಲಗೆ, ಹರಿಯದ ಹಾಗೆ ಬಿಡಿಸಿ ಅವಳ ಕೈಗೆ ವಾಪಸು ಕೊಟ್ಟ.

"ಬೇಡಮ್ಮ, ಯಾರಾದ್ರೂ ನೋಡ್ತಾರೆ" ಎಂದು ಗಾಡಿ ಹೊರಡಿಸಿದ.